ನೂರು ಒಲೆ, ಒಂದೇ ಗಲ್ಲಾ

ಧಾರವಾಡದಿಂದ ಅವ್ವ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ಮೊನ್ನೆ ಮಾಡಿದಾಗ ಅಕ್ಕನ ಮಗಳೂ ಕೊಥ್ರೂಡ್‌ನ ನಮ್ಮ ಮನೆಯಲ್ಲೇ ಇದ್ದಳು. ಅವಳು ಇಲ್ಲಿ ಪುಣೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ತಾಟಿನ ಮುಂದೆ ಕೂತವಳು ಲ್ಯಾಪ್‌ಟಾಪ್ ಬಿಡುತ್ತಿರಲಿಲ್ಲ. "ಅಜ್ಜಿ, ಎರಡು ದಿನದಿಂದ ಸೂಪರ್ ಕಂಪ್ಯೂಟರ್ ಮೇಲೆ ನನ್ನ ಕೆಲಸ ಓಡ್ತಾ ಇದೆ, ಇವತ್ತು ರಾತ್ರಿ ಮುಗಿಯುತ್ತೆ" ಅಂದಳು. ಅವ್ವ ಒಂದು ಕ್ಷಣ ಸುಮ್ಮನಿದ್ದು ಕೇಳಿದಳು: "ಅಷ್ಟ ಜೋರಿನ ಮಶಿನ್ ಇದ್ರ ಎರಡ ದಿನ ಯಾಕ್ ಬೇಕವಾ?"

ಇಂಥ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ನಾನು ಹದಿನೈದು ವರ್ಷ ಇದ್ದೆ. ನೋಡಲು ಬಂದ ದೊಡ್ಡವರೆಲ್ಲ ಕೇಳುತ್ತಿದ್ದದ್ದು ಎರಡೇ ಮಾತು: ಬೆಲೆ ಎಷ್ಟು, ಸೆಕೆಂಡಿಗೆ ಎಷ್ಟು ಲೆಕ್ಕ ಮಾಡುತ್ತದೆ. ಅವ್ವನ ಪ್ರಶ್ನೆ ಯಾರೂ ಕೇಳಲಿಲ್ಲ. ಆದರೆ ಇಡೀ ವಿಷಯ ಇರುವುದು ಅದರಲ್ಲೇ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. ಸೂಪರ್ ಕಂಪ್ಯೂಟರ್ ಅಂದರೆ ಭಾರಿ ವೇಗದ ಒಂದು ಕಂಪ್ಯೂಟರ್ ಅಲ್ಲ. ಅದು ಸಾಧಾರಣ ವೇಗದ ನೂರಾರು ಕಂಪ್ಯೂಟರ್‌ಗಳ ಸಾಲು. ಅದರ ಒಂದು ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ) ನಿಮ್ಮ ಲ್ಯಾಪ್‌ಟಾಪಿನ ಕೋರ್‌ಗಿಂತ ತುಸು ನಿಧಾನ ಇದ್ದರೂ ಆಶ್ಚರ್ಯವಿಲ್ಲ. ಒಂದೇ ಚಿಪ್ಪನ್ನು ಇನ್ನೂ ವೇಗ ಮಾಡಬಹುದಲ್ವಾ ಅಂದರೆ, ಆ ಆಟ 2005ರ ಹೊತ್ತಿಗೇ ನಿಂತುಹೋಯಿತು. ಚಿಪ್ಪಿನ ಕೆಲಸಕ್ಕೆ ತಾಳ ಹಾಕುವ ಗಡಿಯಾರದ ವೇಗ ಏರಿಸಿದಂತೆ ಚಿಪ್ಪಿನ ಶಾಖ ತಡೆಯಲಾಗದಷ್ಟು ಏರಿತು. ಅಂದಿನಿಂದ ವೇಗ ಕೆಲವೇ ಗಿಗಾಹರ್ಟ್ಸ್‌ನಲ್ಲಿ (ಒಂದು ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ ನೂರು ಕೋಟಿ ಟಿಕ್) ನಿಂತಿದೆ. ಇನ್ನೊಂದು ಅಡ್ಡಿಯೂ ಇದೆ. 3 ಗಿಗಾಹರ್ಟ್ಸ್ ಗಡಿಯಾರ ಒಮ್ಮೆ ಟಿಕ್ ಅನ್ನುವಷ್ಟರಲ್ಲಿ ಬೆಳಕೇ ಹೋಗುವುದು ಹತ್ತು ಸೆಂಟಿಮೀಟರ್. ಒಂದು ಗೇಣೂ ಇಲ್ಲ. ಚಿಪ್ಪಿನ ಸಂಕೇತ ಒಂದು ಟಿಕ್ಕಿನಲ್ಲಿ ಅದಕ್ಕಿಂತ ದೂರ ಹೋಗಲಾರದು. ಹಾಗಾಗಿ ವೇಗ ಬೇಕೆಂದರೆ ಉಳಿದ ದಾರಿ ಒಂದೇ, ಜನ ಜಾಸ್ತಿ ಮಾಡುವುದು.

ಜನ ಜಾಸ್ತಿ ಮಾಡಿದರೆ ಏನಾಗುತ್ತದೆ ಅನ್ನುವುದು ಪುಣೆಯ ಯಾವ ಉಡುಪಿ ಹೋಟೆಲಿನವರಿಗೂ ಗೊತ್ತು. ಒಂದು ಕಾವಲಿಯಲ್ಲಿ ದೋಸೆ ಹಾಕುತ್ತಿದ್ದವರು ಹತ್ತು ಕಾವಲಿ ಇಟ್ಟರು ಅಂದುಕೊಳ್ಳಿ. ಹತ್ತು ಪಟ್ಟು ದೋಸೆ ಬರಬೇಕಲ್ಲ? ಬರುವುದಿಲ್ಲ. ಗಲ್ಲಾದಲ್ಲಿ ಕೂತು ಕೂಪನ್ ಹರಿದು ಕೊಡುವವರು ಒಬ್ಬರೇ ಇದ್ದಾರೆ. ಒಲೆ ನೂರು ಮಾಡಿದರೂ ಕೂಪನ್ ಬರುವ ವೇಗದಲ್ಲೇ ದೋಸೆ ಏಳಬೇಕು.

ಜೀನ್ ಆಮ್ಡಾಲ್ ಎಂಬ ಎಂಜಿನಿಯರ್ 1967ರಲ್ಲಿ ಇದನ್ನೇ ಲೆಕ್ಕದಲ್ಲಿ ಹೇಳಿದರು. ನೂರು ನಿಮಿಷದ ಒಂದು ಕೆಲಸ. ಅದರಲ್ಲಿ 95 ನಿಮಿಷದ್ದನ್ನು ಎಷ್ಟು ಜನರಿಗೆ ಬೇಕಾದರೂ ಹಂಚಬಹುದು. ಐದು ನಿಮಿಷದ್ದನ್ನು ಒಬ್ಬರೇ ಮಾಡಬೇಕು. ಲಕ್ಷ ಜನ ಬಂದರೂ ಆ ಐದು ನಿಮಿಷ ಕರಗುವುದಿಲ್ಲ. ಅಂದರೆ ಗರಿಷ್ಠ ಇಪ್ಪತ್ತು ಪಟ್ಟು ವೇಗ, ಅಲ್ಲಿಗೆ ಮುಗಿಯಿತು. ಇದು ಗೊತ್ತಿಲ್ಲದ ಹುಡುಗರು ಮೊದಲ ದಿನವೇ ಸಾವಿರ ಕೋರ್ ಕೇಳುತ್ತಾರೆ. ಹದಿನಾರು ಸಾಕಿತ್ತು.

ಈಗ ದೊಡ್ಡವರ ಪ್ರಶ್ನೆಗೂ ಉತ್ತರ ಕೊಟ್ಟುಬಿಡೋಣ. ಈ ಯಂತ್ರಗಳ ಶಕ್ತಿ ಅಳೆಯುವುದು ಪೆಟಾಫ್ಲಾಪ್‌ನಲ್ಲಿ. ಒಂದು ಪೆಟಾಫ್ಲಾಪ್ ಅಂದರೆ ಸೆಕೆಂಡಿಗೆ ಹತ್ತು ಕೋಟಿ ಕೋಟಿ ಕೂಡು–ಗುಣಿಸು ಲೆಕ್ಕ. ಒಂದರ ಮುಂದೆ ಹದಿನೈದು ಸೊನ್ನೆ. ಭೂಮಿಯ ಮೇಲಿನ 800 ಕೋಟಿ ಜನರೂ ಸೆಕೆಂಡಿಗೊಂದು ಲೆಕ್ಕದಂತೆ ನಿದ್ದೆ–ಊಟ ಬಿಟ್ಟು ಕೂತರೆ, ಆ ಒಂದು ಸೆಕೆಂಡಿನ ಕೆಲಸಕ್ಕೆ ಒಂದೂವರೆ ದಿನ ಬೇಕು. ಪಾಷಾಣದ ಐಸರ್ ಎಂಬ ವಿಜ್ಞಾನ ಸಂಸ್ಥೆಯಲ್ಲಿರುವ ಪರಮ್ ಬ್ರಹ್ಮ ಎಂಬ ಸೂಪರ್ ಕಂಪ್ಯೂಟರಿನ ಶಕ್ತಿ 1.7 ಪೆಟಾಫ್ಲಾಪ್. (ಪಾಷಾಣ ಅಂದರೆ ಇಲ್ಲಿನ ಒಂದು ಬಡಾವಣೆ. ಕನ್ನಡದವರು ಹೆಸರು ಕೇಳಿ ಗಾಬರಿಯಾಗುವುದು ಬೇಡ.) ಅದೇ ರಸ್ತೆಯಲ್ಲಿ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಇದೆ. ಅಲ್ಲಿನ ಅರ್ಕ ಎಂಬ ಯಂತ್ರದ್ದು 11.77 ಪೆಟಾಫ್ಲಾಪ್.

ಈ ಅಂಕಿಗಳನ್ನು ಪೂರ್ತಿ ನಂಬಬೇಡಿ. ಸುಳ್ಳು ಅಂತಲ್ಲ. ಬೈಕಿನ ಮೀಟರಿನಲ್ಲಿ 160 ಅಂತ ಬರೆದಿರುತ್ತದಲ್ಲ, ಹಾಗೆ. ವಿಜ್ಞಾನದ ಎಷ್ಟೋ ಪ್ರೋಗ್ರಾಂಗಳು ಆ ಗರಿಷ್ಠ ವೇಗದ ಹತ್ತನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ಲೆಕ್ಕ ಮಾಡುವ ಭಾಗ ಖಾಲಿ ಕೂತಿರುತ್ತದೆ. ಲೆಕ್ಕಕ್ಕೆ ಬೇಕಾದ ಸಂಖ್ಯೆ ಮೆಮೊರಿಯಿಂದ ಇನ್ನೂ ಬಂದಿರುವುದಿಲ್ಲ.

ಈ ಯಂತ್ರಗಳು ಪುಣೆಯಲ್ಲೇ ಯಾಕೆ ಇಷ್ಟು ಸೇರಿಕೊಂಡಿವೆ ಅನ್ನುವುದಕ್ಕೆ ಒಂದು ಹಿನ್ನೆಲೆ ಇದೆ. ಎಂಬತ್ತರ ದಶಕದಲ್ಲಿ ಮಳೆ–ಗಾಳಿ ಲೆಕ್ಕಕ್ಕೆ ಭಾರತ ಅಮೆರಿಕದಿಂದ ಕ್ರೇ ಸೂಪರ್ ಕಂಪ್ಯೂಟರ್ ಕೊಳ್ಳಲು ಹೋಯಿತು. ಕೇಳಿದ ದೊಡ್ಡದನ್ನು ಅವರು ಕೊಡಲಿಲ್ಲ. ಸಣ್ಣದೊಂದನ್ನು ನೂರೆಂಟು ಷರತ್ತು ಹಾಕಿ ಕೊಟ್ಟರು. 1988ರಲ್ಲಿ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ಸಿ–ಡಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಶುರುವಾಯಿತು. ವಿಜಯ್ ಭಟ್ಕರ್ ಅವರ ತಂಡ 1991ರಲ್ಲಿ ಪರಮ್ 8000 ಕಟ್ಟಿತು. ಅವರು ಕ್ರೇ ತರಹದ ಒಂದು ಭರ್ಜರಿ ಪ್ರೊಸೆಸರ್ ಮಾಡಲು ಹೋಗಲಿಲ್ಲ. ಪೇಟೆಯಲ್ಲಿ ಸಿಗುತ್ತಿದ್ದ ಟ್ರಾನ್ಸ್‌ಪ್ಯೂಟರ್ ಎಂಬ ಸಣ್ಣ ಚಿಪ್ಪುಗಳನ್ನೇ ತಂದು, ಒಂದಕ್ಕೊಂದು ಜೋಡಿಸಿ, ಕೆಲಸ ಹಂಚಿದರು. ಆಗ ಅದು ಬಡವರ ದಾರಿ ಅನ್ನಿಸಿತ್ತು. ಇವತ್ತು ಜಗತ್ತಿನ ಎಲ್ಲ ಸೂಪರ್ ಕಂಪ್ಯೂಟರ್‌ಗಳೂ ಹಂಚಿಕೊಂಡೇ ದುಡಿಯುತ್ತವೆ.

ಆಮೇಲೆ 2007ರಲ್ಲಿ ಟಾಟಾದವರು ಪುಣೆಯಲ್ಲಿ ಕಟ್ಟಿದ ಏಕಾ ಎಂಬ ಯಂತ್ರ ಜಗತ್ತಿನ ಅತಿ ವೇಗದ ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು. 2015ರಲ್ಲಿ ಕೇಂದ್ರ ಸರ್ಕಾರ 4,500 ಕೋಟಿ ರೂಪಾಯಿಯ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ ಒಪ್ಪಿಕೊಂಡಿತು. ಅದನ್ನು ಹೊತ್ತವರು ಇಲ್ಲಿನ ಸಿ–ಡಾಕ್ ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ. ಪಟ್ಟಿಯ ಮೇಲಿನ ಸ್ಥಾನಕ್ಕಿಂತ ಈ ಮಿಷನ್ ನನಗೆ ದೊಡ್ಡದಾಗಿ ಕಾಣುತ್ತದೆ. ಯಂತ್ರಗಳು ಇನ್ನಷ್ಟು ವಿದ್ಯಾಸಂಸ್ಥೆಗಳ ಒಳಗೆ ಹೋದದ್ದು ಆಗ. ಎಂಎಸ್ಸಿ ಹುಡುಗಿಯೊಬ್ಬಳು ಹಾಸ್ಟೆಲಿನಿಂದಲೇ ಲಾಗಿನ್ ಆಗುವಷ್ಟು ಹತ್ತಿರ ಬಂದವು.

ಸರಿ, ವಿಜ್ಞಾನಕ್ಕೆ ಇದರಿಂದ ಏನು ಸಿಗುತ್ತದೆ? ಮಳೆಯಿಂದ ಶುರು ಮಾಡೋಣ. ಜುಲೈನಲ್ಲಿ ತಾಮ್ಹಿಣಿ ಘಾಟಿನಲ್ಲಿ ಮುಗಿಲು ಹರಿದು ಬಿದ್ದಂಥ ಮಳೆ. ಘಟ್ಟ ಇಳಿದು ಪುಣೆಗೆ ಬಂದರೆ ಬರೀ ತುಂತುರು. ಸಹ್ಯಾದ್ರಿಯ ಗೋಡೆ ಮಾಡುವ ಕೆಲಸ ಇದು. ಕಂಪ್ಯೂಟರ್ ಮಳೆ ಲೆಕ್ಕ ಹಾಕುವಾಗ ಭೂಮಿಯನ್ನು ಚೌಕಗಳಾಗಿ ಕತ್ತರಿಸಿಕೊಳ್ಳುತ್ತದೆ. ಒಂದು ಚೌಕಕ್ಕೆ ಒಂದೇ ತಾಪಮಾನ, ಒಂದೇ ಗಾಳಿ, ಒಂದೇ ಎತ್ತರ. ಚೌಕ 12 ಕಿಲೋಮೀಟರ್ ಅಗಲ ಇದ್ದರೆ ಘಟ್ಟದ ತುದಿಯೂ ಪಕ್ಕದ ಕಣಿವೆಯೂ ಅದರೊಳಗೆ ಕಲಸಿಹೋಗುತ್ತವೆ. ಬೆಟ್ಟ ಚಪ್ಪಟೆಯಾಗುತ್ತದೆ, ಮಳೆಯ ಲೆಕ್ಕವೂ ಚಪ್ಪಟೆ.

ಹಾಗಾದರೆ ಚೌಕವನ್ನು 6 ಕಿಲೋಮೀಟರ್‌ಗೆ ಇಳಿಸಿ ಅನ್ನಬಹುದು. ಸುಲಭದ ಮಾತಲ್ಲ. ಭೂಮಿಯ ಮೇಲ್ಮೈ ಸುಮಾರು 51 ಕೋಟಿ ಚದರ ಕಿಲೋಮೀಟರ್. 12 ಕಿಲೋಮೀಟರ್ ಚೌಕಗಳಾದರೆ ವಾತಾವರಣದ ಒಂದು ಪದರಕ್ಕೆ ಸುಮಾರು 35 ಲಕ್ಷ ಚೌಕ. 6 ಕಿಲೋಮೀಟರ್ ಆದರೆ 1.4 ಕೋಟಿ. ನಾಲ್ಕು ಪಟ್ಟು. ಅಷ್ಟಕ್ಕೇ ಮುಗಿಯುವುದಿಲ್ಲ. ಚೌಕ ಸಣ್ಣದಾದರೆ ಸಮಯದ ಹೆಜ್ಜೆಯನ್ನೂ ಸಣ್ಣದು ಮಾಡಬೇಕು. ಒಂದು ಹೆಜ್ಜೆಯಲ್ಲಿ ಗಾಳಿ ಒಂದು ಚೌಕವನ್ನು ಹಾರಿ ಆಚೆ ಹೋದರೆ ಲೆಕ್ಕ ಕೆಟ್ಟು ಕೂರುತ್ತದೆ. ಹಾಗಾಗಿ ಇನ್ನೂ ಎರಡು ಪಟ್ಟು. ಒಟ್ಟು ಎಂಟು ಪಟ್ಟು ಕೆಲಸ. ಪದರಗಳನ್ನೂ ಜಾಸ್ತಿ ಮಾಡಿದರೆ ಅದರ ಮೇಲೆ ಇನ್ನಷ್ಟು. ಅಷ್ಟಾದರೂ ನಾಳೆಯ ಮಳೆಯ ಉತ್ತರ ಇವತ್ತೇ ಬರಬೇಕು. ನಾಡಿದ್ದು ಬಂದರೆ ಅದನ್ನು ಏನು ಮಾಡುವುದು? ಅರ್ಕ ಬಂದದ್ದು ಇದಕ್ಕೇ, 2024ರ ಸೆಪ್ಟೆಂಬರ್‌ನಲ್ಲಿ. 2025ರ ಮೇ ತಿಂಗಳಲ್ಲಿ 6 ಕಿಲೋಮೀಟರ್ ಚೌಕದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಬಳಕೆಗೆ ಬಂತು.

ಪುಣೆಯ ಉತ್ತರಕ್ಕೆ, ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕ ಇದೆ. 45 ಮೀಟರ್ ಅಗಲದ 30 ರೇಡಿಯೋ ಡಿಶ್‌ಗಳು. ಇಲ್ಲಿ ಪ್ರತಿ ಡಿಶ್ಶಿನ ಸಂಕೇತವನ್ನು ಉಳಿದ ಪ್ರತಿಯೊಂದರ ಜೊತೆ ಹೋಲಿಸಬೇಕು. ಮೂವತ್ತು ಜನರ ಮನೆತನದಲ್ಲಿ ಎಲ್ಲರೂ ಎಲ್ಲರಿಗೂ ಎಳ್ಳು ಬೆಲ್ಲ ಕೊಟ್ಟ ಹಾಗೆ. ಒಟ್ಟು 435 ಜೋಡಿ. ಆಕಾಶದ ಕೆಲವು ರೇಡಿಯೋ ಮಿಂಚುಗಳು ಸೆಕೆಂಡಿನ ಸಾವಿರದ ಕೆಲವೇ ಪಾಲು ಹೊಳೆದು ಆರುತ್ತವೆ. ಅವನ್ನು ದತ್ತಾಂಶದ ರಾಶಿಯಲ್ಲಿ ಹುಡುಕಲೆಂದೇ 2024ರಲ್ಲಿ ಅವರಿಗೆ ಪರಮ್ ರುದ್ರ ಎಂಬ ಒಂದು ಸೂಪರ್ ಕಂಪ್ಯೂಟರ್ ಬಂತು.

ಇನ್ನು ಅಕ್ಕನ ಮಗಳ ಕೆಲಸ. ಅವಳು ನೋಡುವುದು ಪ್ರೋಟೀನುಗಳನ್ನು. ಒಂದು ಪ್ರೋಟೀನ್, ಅದರ ಸುತ್ತ ನೀರು, ಎಲ್ಲ ಸೇರಿ ಲಕ್ಷ ಅಣುಕಣ. ಪ್ರತಿ ಕಣವನ್ನೂ ಉಳಿದವು ಎಳೆಯುತ್ತವೆ, ತಳ್ಳುತ್ತವೆ. ಆ ಬಲ ಲೆಕ್ಕ ಹಾಕಿ ಕಣವನ್ನು ಒಂದು ಚೂರು ಸರಿಸುತ್ತಾರೆ. ಮತ್ತೆ ಬಲದ ಲೆಕ್ಕ, ಮತ್ತೆ ಒಂದು ಚೂರು. ಆ ಹೆಜ್ಜೆ ಎಷ್ಟು ಸಣ್ಣದು ಗೊತ್ತಾ? ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಹೋಳು ಮಾಡಿದರೆ, ಅಂಥ ಎರಡು ಹೋಳು. ಪ್ರೋಟೀನ್ ಮಡಿಚಿಕೊಳ್ಳುವುದನ್ನು ಒಂದು ಮೈಕ್ರೊಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು) ನೋಡಬೇಕೆಂದರೆ 50 ಕೋಟಿ ಹೆಜ್ಜೆ ನಡೆಯಬೇಕು. ಒಂದು ಹೆಜ್ಜೆಯ ಲೆಕ್ಕಕ್ಕೆ ಒಂದು ಮಿಲಿಸೆಕೆಂಡ್ (ಸೆಕೆಂಡಿನ ಸಾವಿರದ ಒಂದು ಪಾಲು) ಹಿಡಿದರೂ ಸುಮಾರು ಆರು ದಿನ.

ಅವ್ವನಿಗೆ ಉತ್ತರ ಇಲ್ಲಿದೆ. ಒಂದು ಹೆಜ್ಜೆಯ ಒಳಗಿನ ಕೆಲಸವನ್ನು ಸಾವಿರ ಕೋರ್‌ಗಳಿಗೆ ಹಂಚಬಹುದು. ಕಣಗಳನ್ನು ಓಣಿ ಓಣಿಯಾಗಿ ಹಂಚಿಕೊಂಡು ಅವು ಲೆಕ್ಕ ಮಾಡುತ್ತವೆ. ಆದರೆ ಎರಡನೇ ಹೆಜ್ಜೆ ಇಡಲು ಮೊದಲನೆಯದು ಮುಗಿದಿರಬೇಕು. ಹೆಜ್ಜೆಗಳನ್ನು ಯಾರಿಗೂ ಹಂಚಲು ಬರುವುದಿಲ್ಲ. ಗಲ್ಲಾ ಅಲ್ಲಿದೆ! ಕೋರ್ ಇನ್ನೂ ಜಾಸ್ತಿ ಕೊಟ್ಟರೆ ಒಬ್ಬೊಬ್ಬರ ಪಾಲಿಗೆ ಬರುವ ಕಣಗಳು ಕಡಿಮೆಯಾಗುತ್ತವೆ, ಪಕ್ಕದ ಓಣಿಯವರ ಜೊತೆ ಮಾತು ಮಾತ್ರ ಹೆಚ್ಚುತ್ತದೆ. ಒಂದು ಮಿತಿ ದಾಟಿದ ಮೇಲೆ ಕೋರ್ ಸೇರಿಸಿದಷ್ಟೂ ಕೆಲಸ ನಿಧಾನ. ನಾನು ಇದನ್ನು ಫೋನಿನಲ್ಲಿ ಹೇಳಿದಾಗ ಅವ್ವ ಅಂದದ್ದು: "ಮದುವಿ ಮನ್ಯಾಗ ಅಡಗಿ ಮಾಡಾವ್ರು ಹೆಚ್ಚಾದ್ರ ಹಂಗಽ ಆಕ್ಕೈತಿ."

ಈ ಪಕ್ಕದವರ ಮಾತು ಇದೆಯಲ್ಲ, ಸೂಪರ್ ಕಂಪ್ಯೂಟರಿನ ಬೆಲೆಯಲ್ಲಿ ಒಂದು ಪಾಲು ಹೋಗುವುದು ಅದಕ್ಕೆ. ನೂರು ಲ್ಯಾಪ್‌ಟಾಪ್ ತಂದು ಮನೆಯ ವೈಫೈಗೆ ಸೇರಿಸಿದರೆ ಸೂಪರ್ ಕಂಪ್ಯೂಟರ್ ಆಗುವುದಿಲ್ಲ. ಒಂದು ನೋಡ್‌ನಿಂದ (ಸಾಲಿನ ಒಂದೊಂದು ಕಂಪ್ಯೂಟರಿಗೂ ನೋಡ್ ಅನ್ನುತ್ತಾರೆ) ಇನ್ನೊಂದಕ್ಕೆ ಸುದ್ದಿ ಮೈಕ್ರೊಸೆಕೆಂಡಿನಲ್ಲಿ ಮುಟ್ಟಬೇಕು. ಅದಕ್ಕೆ ಇನ್ಫಿನಿಬ್ಯಾಂಡ್ ಎಂಬ ಬೇರೆಯೇ ಜಾಲ ಹಾಕುತ್ತಾರೆ. ಬಂದವರು ಮಿನುಗುವ ದೀಪಗಳ ಫೋಟೋ ತೆಗೆಯುತ್ತಾರೆ. ನಾನು ಹಿಂದಿನ ಬಾಗಿಲು ತೆಗೆದು ಕೇಬಲ್ ತೋರಿಸುತ್ತಿದ್ದೆ.

ವಿಶ್ವವಿದ್ಯಾಲಯದ ಯಂತ್ರಕ್ಕೂ ಹವಾಮಾನದವರ ಯಂತ್ರಕ್ಕೂ ಒಂದು ವ್ಯತ್ಯಾಸ ಇದೆ. ಹವಾಮಾನದವರಲ್ಲಿ ಮುಖ್ಯ ಕೆಲಸ ಒಂದೇ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದವರು, ರಸಾಯನದವರು, ಜೀವಶಾಸ್ತ್ರದವರು, ಲೆಕ್ಕದವರು ಎಲ್ಲರೂ ಪಾಳಿಯಲ್ಲಿ ನಿಂತಿರುತ್ತಾರೆ. ನೀವು ಯಂತ್ರದ ಮುಂದೆ ಹೋಗಿ ಕೂರುವುದಿಲ್ಲ. ಲಾಗಿನ್ ನೋಡ್ ಎಂಬ ಪಡಸಾಲೆಗೆ ಬರುತ್ತೀರಿ. ಒಂದು ಚೀಟಿ ಬರೆದು ಕೊಡುತ್ತೀರಿ: ಇಷ್ಟು ನೋಡ್ ಬೇಕು, ಇಷ್ಟು ತಾಸು ಬೇಕು, ಈ ಪ್ರೋಗ್ರಾಂ ಓಡಿಸಿ. ಇದಕ್ಕೆ ಜಾಬ್ ಅನ್ನುತ್ತಾರೆ. ಯಾರ ಜಾಬ್ ಯಾವಾಗ ಒಳಗೆ ಹೋಗಬೇಕು ಅನ್ನುವುದನ್ನು ಶೆಡ್ಯೂಲರ್ ನಿರ್ಧರಿಸುತ್ತದೆ. ಹೆಚ್ಚಿನ ಕಡೆ ಇರುವುದು ಸ್ಲರ್ಮ್.

ಶೆಡ್ಯೂಲರ್ ಬಗ್ಗೆ ಹುಡುಗರಿಗೆ ಸದಾ ಅನುಮಾನ. "ನನ್ನ ನಂತರ ಬಂದವನದು ಮೊದಲು ಹೇಗೆ ಹೋಯಿತು?" ಮತ್ತೆ ಹೋಟೆಲಿಗೇ ಹೋಗೋಣ. ಎಂಟು ಜನರ ಕುಟುಂಬ ಕಾಯುತ್ತಿದೆ. ಅವರಿಗೆ ನಾಲ್ಕು ಟೇಬಲ್ ಒಟ್ಟಿಗೆ ಬೇಕು. ಎರಡು ಖಾಲಿ ಆಗಿವೆ, ಇನ್ನೆರಡು ಖಾಲಿ ಆಗಲು ಹತ್ತು ನಿಮಿಷ ಇದೆ. ಅಷ್ಟರಲ್ಲಿ ಐದು ನಿಮಿಷದಲ್ಲಿ ಕಾಫಿ ಕುಡಿದು ಏಳುವವನು ಬಂದರೆ ಅವನನ್ನು ಕೂರಿಸುತ್ತಾರೆ. ಯಾರಿಗೂ ನಷ್ಟವಿಲ್ಲ. ಇದೇ ಬ್ಯಾಕ್‌ಫಿಲ್. ಆದ್ದರಿಂದ ಮೂರು ತಾಸಿನ ಕೆಲಸಕ್ಕೆ "ಇರಲಿ ಬಿಡು" ಅಂತ 48 ತಾಸು ಬರೆದವರು ಸುಮ್ನೆ ಕಾಯುತ್ತಾರೆ. ಎರಡೇ ತಾಸು ಬರೆದ ಚಾಲಾಕಿಗಳ ಕೆಲಸವನ್ನು ಎರಡು ತಾಸಿಗೆ ಸರಿಯಾಗಿ ಕೊಂದುಹಾಕುತ್ತದೆ. ಹೋದ ವಾರ ಜಾಸ್ತಿ ಉಂಡವರ ಸರದಿಯನ್ನು ಈ ವಾರ ಹಿಂದಕ್ಕೂ ತಳ್ಳುತ್ತದೆ. ಪ್ರೊಫೆಸರ್ ಅಂತ ನೋಡುವುದಿಲ್ಲ. ನನಗೆ ಶೆಡ್ಯೂಲರ್ ಮೇಲೆ ಇದಕ್ಕೇ ಗೌರವ.

ನಮ್ಮ ಹುಡುಗಿಯ ಮೊದಲ ವರ್ಷದ ಕಥೆ ಕೇಳಿ. ಬಂದ ವಾರವೇ ಲಾಗಿನ್ ನೋಡ್ ಮೇಲೆ ನೇರವಾಗಿ ಪ್ರೋಗ್ರಾಂ ಓಡಿಸಿದಳು. ಎಲ್ಲರೂ ಬಂದುಹೋಗುವ ಪಡಸಾಲೆಯಲ್ಲಿ ಒಲೆ ಹಚ್ಚಿದ ಹಾಗೆ. ಇಪ್ಪತ್ತು ನಿಮಿಷದಲ್ಲಿ ಖಾರವಾದ ಮೇಲ್ ಬಂತು. ಎರಡು ತಿಂಗಳ ನಂತರ 72 ತಾಸಿನ ಜಾಬ್ ಹಾಕಿದಳು. ಕೊನೆಯ ತಾಸಿನಲ್ಲಿ ಅವಧಿ ಮುಗಿದು ಜಾಬ್ ಸತ್ತಿತು. ನಡುವೆ ಎಲ್ಲೂ ಉಳಿಸಿರಲಿಲ್ಲ. ಮೂರು ದಿನದ ಲೆಕ್ಕ ಗಾಳಿಗೆ. "ಮಾಮಾ, ಅಳು ಬರ್ತಾ ಇದೆ" ಅಂತ ಫೋನ್. ಅಂದಿನಿಂದ ಪ್ರತಿ ತಾಸಿಗೊಮ್ಮೆ ಲೆಕ್ಕದ ಸ್ಥಿತಿಯನ್ನು ಡಿಸ್ಕಿಗೆ ಬರೆಸುತ್ತಾಳೆ. ಇದಕ್ಕೆ ಚೆಕ್‌ಪಾಯಿಂಟ್ ಅನ್ನುತ್ತಾರೆ. ಪುಸ್ತಕದಲ್ಲಿ ಅರ್ಧ ಪುಟದ ವಿಷಯ. ಅವಳು ಕಲಿತದ್ದು ಮೂರು ದಿನ ಕಳೆದುಕೊಂಡು.

ಚೆಕ್‌ಪಾಯಿಂಟ್ ಬೇಕಾಗುವುದು ಅವಧಿ ಮುಗಿಯುತ್ತದೆ ಅಂತ ಮಾತ್ರ ಅಲ್ಲ. ನಾನಿದ್ದ ಒಂದು ಕಡೆ, ಏಪ್ರಿಲ್ ಮಧ್ಯಾಹ್ನ, ತಂಪು ಮಾಡುವ ಚಿಲ್ಲರ್ ನಿಂತಿತು. ಯಂತ್ರಕ್ಕೆ ಹೋದ ಕರೆಂಟೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಹತ್ತು ನಿಮಿಷದಲ್ಲಿ ಕೋಣೆ ಬಚ್ಚಲ ಒಲೆಯ ಬಾಯಿಯಂತಾಯಿತು. ಎಲ್ಲ ಆರಿಸಬೇಕಾಯಿತು. ಚೆಕ್‌ಪಾಯಿಂಟ್ ಇದ್ದವರು ಮರುದಿನ ಮುಂದುವರಿಸಿದರು, ಇಲ್ಲದವರು ಮೊದಲಿನಿಂದ. ಪರಮ್ ಬ್ರಹ್ಮದಂಥ ಹೊಸ ಯಂತ್ರಗಳಲ್ಲಿ ಗಾಳಿಯನ್ನೇ ನಂಬದೆ ಪ್ರೊಸೆಸರ್ ಹತ್ತಿರಕ್ಕೇ ದ್ರವ ಹಾಯಿಸಿ ತಂಪು ಮಾಡುತ್ತಾರೆ.

ಹುಡುಗರು ಇಲ್ಲಿ ಕಲಿಯುವ ಇನ್ನೊಂದು ಸಂಗತಿ ನನಗೆ ಈಗಲೂ ಖುಷಿ ಕೊಡುತ್ತದೆ. ಒಂದೇ ಪ್ರೋಗ್ರಾಂ, ಒಂದೇ ದತ್ತಾಂಶ. ಎಂಟು ಕೋರ್‌ನಲ್ಲಿ ಒಂದು ಉತ್ತರ, ಹದಿನಾರು ಕೋರ್‌ನಲ್ಲಿ ತುಸು ಬೇರೆ ಉತ್ತರ. ಯಂತ್ರ ಕೆಟ್ಟಿದೆ ಅಂತ ಓಡಿ ಬರುತ್ತಾರೆ. ಕೆಟ್ಟಿಲ್ಲ. ಕಂಪ್ಯೂಟರ್ ಸಂಖ್ಯೆಯಲ್ಲಿ ಇಷ್ಟೇ ಅಂಕಿ ಇಡಬಲ್ಲದು, ಉಳಿದದ್ದನ್ನು ಸರಿಹೊಂದಿಸಿ ಬಿಡುತ್ತದೆ. ಮೊದಲ ಮೂರು ಅಂಕಿ ಮಾತ್ರ ಇಡುವ ಯಂತ್ರ ಅಂದುಕೊಳ್ಳಿ. 1000ಕ್ಕೆ 4 ಕೂಡಿದರೆ ಅದಕ್ಕೆ 1000ವೇ. ಇನ್ನೊಂದು 4 ಕೂಡಿದರೂ 1000. ಆದರೆ ಮೊದಲು 4 ಮತ್ತು 4 ಕೂಡಿ 8 ಮಾಡಿ, ಆಮೇಲೆ 1000ಕ್ಕೆ ಸೇರಿಸಿದರೆ 1008, ಅಂದರೆ ಅದರ ಲೆಕ್ಕದಲ್ಲಿ 1010. ಕೂಡುವ ಕ್ರಮ ಬದಲಾದರೆ ಮೊತ್ತ ಬದಲಾಯಿತು! ಪ್ರೈಮರಿ ಶಾಲೆಯಲ್ಲಿ ಕಲಿತ ನಿಯಮ ಇಲ್ಲಿ ನಡೆಯುವುದಿಲ್ಲ. ನಿಜ ಯಂತ್ರದಲ್ಲಿ ಈ ವ್ಯತ್ಯಾಸ ಹದಿನಾರನೇ ಅಂಕಿಯ ಹತ್ತಿರ ಇರುತ್ತದೆ. ಆದರೆ ಮೋಡ, ಪ್ರೋಟೀನುಗಳಂಥ ವ್ಯವಸ್ಥೆಯಲ್ಲಿ ಆ ಸಣ್ಣ ವ್ಯತ್ಯಾಸ ಬೆಳೆಯುತ್ತಾ ಹೋಗುತ್ತದೆ. ಅದಕ್ಕೇ ಒಂದು ಸಲ ಓಡಿಸಿ ಬಂದ ಉತ್ತರವನ್ನು ಯಾರೂ ನಂಬುವುದಿಲ್ಲ. ಹತ್ತಾರು ಸಲ ಓಡಿಸಿ, ಎಲ್ಲದರಲ್ಲೂ ಉಳಿಯುವುದು ಯಾವುದು ಅಂತ ನೋಡುತ್ತಾರೆ.

ಇನ್ನೆರಡು ತಪ್ಪುಗಳನ್ನು ಎಲ್ಲರೂ ಮಾಡುತ್ತಾರೆ. ಮೊದಲನೆಯದು ಡೆಡ್‌ಲಾಕ್. ಮದುವೆ ಪಂಕ್ತಿಯಲ್ಲಿ ಬೀಗರು ಕೈ ಹಾಕಲಿ ಅಂತ ಇವರು, ಇವರು ಹಾಕಲಿ ಅಂತ ಬೀಗರು. ಅನ್ನ ಆರುತ್ತದೆ, ಯಾರೂ ಉಣ್ಣುವುದಿಲ್ಲ. ಎರಡು ನೋಡ್‌ಗಳು "ನಿನ್ನ ಸುದ್ದಿ ಬರಲಿ" ಅಂತ ಹೀಗೇ ಕೂತುಬಿಡುತ್ತವೆ. ಎರಡನೆಯದು ರೇಸ್ ಕಂಡಿಷನ್. ಸಾರಿಗೆ ಉಪ್ಪು ಬಿದ್ದಿಲ್ಲ ಅಂತ ಅತ್ತೆ ನೋಡಿದರು, ಸೊಸೆಯೂ ನೋಡಿದಳು, ಇಬ್ಬರೂ ಹಾಕಿದರು. ಇಬ್ಬರದೂ ತಪ್ಪಿಲ್ಲ, ಸಾರು ಮಾತ್ರ ಕೆಟ್ಟಿತು. ಈ ತಪ್ಪಿನ ಕೆಟ್ಟ ಗುಣ ಏನೆಂದರೆ ದೊಡ್ಡ ಪ್ರೋಗ್ರಾಂಗಳಲ್ಲಿ ಎಷ್ಟೋ ಬಾರಿ ಅದು ಹತ್ತು ಸಲದಲ್ಲಿ ಒಂದು ಸಲ ಮಾತ್ರ ಕಾಣುತ್ತದೆ. ಗುರುಗಳಿಗೆ ತೋರಿಸುವಾಗ ಕಾಣುವುದೇ ಇಲ್ಲ.

ಯಂತ್ರ ಐದಾರು ವರ್ಷಕ್ಕೆ ಹಳತಾಗುತ್ತದೆ. ಇದನ್ನೆಲ್ಲ ಕಲಿತ ಹುಡುಗರು ಮೂವತ್ತು ವರ್ಷ ದುಡಿಯುತ್ತಾರೆ. ಹಾಗಾಗಿ ಯಂತ್ರಕ್ಕೆ ಕೋಟಿಗಟ್ಟಲೆ ಕೊಟ್ಟು ತರಬೇತಿಗೆ ಚಿಲ್ಲರೆ ಕೊಡುವುದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮಿಷನ್ ಇದನ್ನು ಸ್ವಲ್ಪವಾದರೂ ಗಮನಿಸಿದೆ. ಖರಗ್‌ಪುರ, ಮದ್ರಾಸ್, ಪಾಲಕ್ಕಾಡ್ ಜೊತೆಗೆ ಐಐಟಿ ಗೋವಾದಲ್ಲೂ ತರಬೇತಿ ಕೇಂದ್ರ ಮಾಡಿದ್ದಾರೆ. ಬೆಳಗಾವಿ, ಕಾರವಾರದ ಹುಡುಗರಿಗೆ ಗೋವಾ ಬೆಂಗಳೂರಿಗಿಂತ ಹತ್ತಿರ. ಸಿ–ಡಾಕ್ ಪುಣೆಯಲ್ಲಿ ಡಿಪ್ಲೊಮಾಗಳನ್ನು ನಡೆಸುತ್ತದೆ: ಯಂತ್ರ ನೋಡಿಕೊಳ್ಳುವವರಿಗೆ ಒಂದು, ಪ್ರೋಗ್ರಾಂ ಬರೆಯುವವರಿಗೆ ಇನ್ನೊಂದು. ಇವು ನಿಜಕ್ಕೂ ಎರಡು ಬೇರೆ ಕಸುಬು. ಸಣ್ಣ ಕಾಲೇಜುಗಳಿಗೆಂದು ಪರಮ್ ಶಾವಕ್ ಎಂಬ ಒಂದೇ ಪೆಟ್ಟಿಗೆಯ ಪುಟ್ಟ ಯಂತ್ರವನ್ನೂ ಮಾಡಿದ್ದಾರೆ.

ಅದೂ ಸಿಗದಿದ್ದರೆ ನಿಮ್ಮ ಲ್ಯಾಪ್‌ಟಾಪ್ ಸಾಕು. ಲಿನಕ್ಸ್ ಹಾಕಿಕೊಳ್ಳಿ. ಒಂದೇ ಯಂತ್ರದ ಕೋರ್‌ಗಳಿಗೆ ಕೆಲಸ ಹಂಚುವ ಓಪನ್‌ಎಂಪಿ ಉಚಿತ, ನೋಡ್‌ಗಳ ನಡುವೆ ಮಾತಾಡಿಸುವ ಎಂಪಿಐ ಕೂಡ ಉಚಿತ. ಒಂದರಿಂದ ಹತ್ತು ಲಕ್ಷದವರೆಗೆ ಕೂಡುವ ಪ್ರೋಗ್ರಾಂ ಬರೆಯಿರಿ. ಒಂದೇ ಮೊತ್ತಕ್ಕೆ ನಾಲ್ಕು ಕೋರ್‌ಗಳೂ ಒಟ್ಟಿಗೆ ಕೈ ಹಾಕಲಿ, ಯಾವ ಕಾವಲೂ ಇಡಬೇಡಿ. ಐದು ಸಲ ಓಡಿಸಿ. ಸಾರಿನ ರುಚಿ ಬಹುಶಃ ಐದು ಸಲವೂ ಬೇರೆ ಬೇರೆ ಇರುತ್ತದೆ.